ಚಾಪೆ, ನಿಂಬೆಹಣ್ಣು, ಬಾಗಿಲು

ಅಂಕಿಅಂಶ ಅಂದರೆ ನನಗೆ ಮೈ ಉರಿಯುತ್ತಿತ್ತು. ಗಣಿತದ ಮುಖ ಇನ್ನು ನೋಡುವುದೇ ಬೇಡ ಎಂದು ಮನಶ್ಶಾಸ್ತ್ರ ಹಿಡಿದವಳು ನಾನು. ಎಂ.ಎ. ಮುಗಿಸಿ ಉಲ್ಹಾಸನಗರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಲೆಕ್ಚರರ್ ಆಗಿದ್ದೆ. ಪ್ರತಿ ಜೂನ್‌ನಲ್ಲೂ ಈ ವರ್ಷ ಕೆಲಸ ಇದೆಯೋ ಇಲ್ಲವೋ ಎಂದು ಪ್ರಿನ್ಸಿಪಾಲರ ಕೋಣೆಯ ಹೊರಗೆ ಕಾದು ಕೂರುವುದು ಸಾಕುಸಾಕಾಗಿ, ಪಿಎಚ್‌.ಡಿ. ಮಾಡಿಯೇ ಬಿಡೋಣ ಎಂದು ನೆರೂಳಿನ ಒಂದು ಸಂಸ್ಥೆಗೆ ಸೇರಿದೆ. ಎರಡು ಸಾವಿರದ ದಶಕದ ಕೊನೆಯ ವರ್ಷಗಳು ಅವು. ಕಲ್ಯಾಣದಿಂದ ಠಾಣೆ, ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಓಡಿ ನವಿ ಮುಂಬಯಿಯ ಟ್ರೇನು. ಅಪ್ಪ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರ್. ಇವಳ ಓದು ಯಾವ ಕಾಲಕ್ಕೆ ಮುಗಿಯುತ್ತದೋ ಎಂದು ತುಳುವಿನಲ್ಲಿ ಗೊಣಗುತ್ತಲೇ ಅವರು ನನ್ನನ್ನು ಸ್ಟೇಷನ್ನಿಗೆ ಬಿಡುತ್ತಿದ್ದರು.

ನಾನು ಆರಿಸಿಕೊಂಡ ವಿಷಯ ನಮ್ಮ ಮನೆಯಿಂದಲೇ ಹುಟ್ಟಿದ್ದು. ಇಲ್ಲಿನ ಕನ್ನಡದ ಮುದುಕರಲ್ಲಿ ಕೆಲವರು ಜೀವಮಾನವೆಲ್ಲ ಕನ್ನಡದಲ್ಲೇ ಕಳೆದವರು. ಇನ್ನು ಕೆಲವರು ಮನೆಯಲ್ಲಿ ತುಳು, ಮಾರ್ಕೆಟ್ಟಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್ ಎಂದು ದಿನವೆಲ್ಲ ನಾಲಿಗೆ ಹೊರಳಿಸಿದವರು. ಈ ಎರಡನೆಯವರ ನೆನಪು ಹೆಚ್ಚು ದಿನ ಗಟ್ಟಿಯಾಗಿ ಉಳಿಯುತ್ತದೆಯೇ? ಇಷ್ಟೇ ಪ್ರಶ್ನೆ. ಆರೋಗ್ಯವಾಗಿರುವ ಮುದುಕರಿಗೆ ಒಂದು ಚಿಕ್ಕ ನೆನಪಿನ ಪರೀಕ್ಷೆ ಕೊಡುವುದು, ವರ್ಷ ಬಿಟ್ಟು ಮತ್ತೆ ಅದನ್ನೇ ಕೊಡುವುದು, ಯಾರದು ಎಷ್ಟು ಇಳಿದಿದೆ ನೋಡುವುದು. ನಮ್ಮ ಗೈಡ್ ಮೇಡಂ ಕೇಳಿ ತಲೆಯಾಡಿಸಿದರು. ಆಮೇಲೆ, ಅಂಕಿಅಂಶದ ಭಾಗ ಯಾರು ಮಾಡುತ್ತಾರೆ ಎಂದು ಕೇಳಿದರು. ನಾನೇ ಅಂದೆ. ಅವರು ನಕ್ಕ ನಗು ನನಗೆ ಇವತ್ತಿಗೂ ಕೋಪ ತರಿಸುತ್ತದೆ.

ಎಲ್ಲರೂ ಅದನ್ನು ಅಂಗಡಿಗೆ ಕೊಡುತ್ತಿದ್ದರು. ಜೆರಾಕ್ಸ್, ಬೈಂಡಿಂಗ್ ಮಾಡುವ ಅಂಗಡಿಯಲ್ಲೇ ಥೀಸಿಸ್ಸಿನ ಲೆಕ್ಕವನ್ನೂ ಮಾಡಿ ಕೊಡುವವನೊಬ್ಬ ಕೂತಿರುತ್ತಿದ್ದ. ನಾನೂ ಹೋದೆ, ಸುಳ್ಳು ಯಾಕೆ ಹೇಳಲಿ. ಅವನು ಕಂಪ್ಯೂಟರಿನಿಂದ ತಲೆಯನ್ನೂ ಎತ್ತದೆ, "ಯಾವ ಉತ್ತರ ಬರಬೇಕು ಮೇಡಂ?" ಎಂದು ಹಿಂದಿಯಲ್ಲಿ ಕೇಳಿದ. ನನಗೆ ತಲೆ ಕೆಟ್ಟುಹೋಯಿತು. ಇನ್ನೂ ಒಬ್ಬ ಮುದುಕನನ್ನೂ ಮಾತಾಡಿಸಿಲ್ಲ, ಉತ್ತರ ಆಗಲೇ ತಯಾರು! ಅಲ್ಲಿಂದ ದುಡುದುಡು ಹೊರಟು ಬಂದೆ.

ಅಪ್ಪನ ಹೋಟೆಲಿಗೆ ಭಾನುವಾರ ದೋಸೆ ತಿನ್ನಲು ಬರುತ್ತಿದ್ದ ಮೈಸೂರಿನ ಹಿರಿಯರೊಬ್ಬರು ವಿಮಾ ಆಫೀಸಿನಲ್ಲಿ ಅಂಕಿಗಳ ಕೆಲಸದಲ್ಲೇ ಕೂದಲು ಹಣ್ಣು ಮಾಡಿಕೊಂಡು ನಿವೃತ್ತರಾದವರು. ಜನ ಎಷ್ಟು ವರ್ಷ ಬದುಕುತ್ತಾರೆ ಎಂದು ಲೆಕ್ಕ ಹಾಕುವುದೇ ಅವರ ಉದ್ಯೋಗವಾಗಿತ್ತು. ಡೊಂಬಿವಲಿ ಪೂರ್ವದಲ್ಲಿ ಹೆಂಡತಿಯ ಜೊತೆ ಇದ್ದರು, ಮಕ್ಕಳಿರಲಿಲ್ಲ. ಅಪ್ಪ ಕೇಳಿದ್ದೇ ತಡ, ನಾಳೆಯಿಂದಲೇ ಕಳಿಸಿ ಎಂದರಂತೆ. ಅವರನ್ನು ನಾನು ಅಂಕಲ್ ಎಂದು ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರು ಮೇಷ್ಟ್ರು.

ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿನ ಮೇಲೆ ಪಾಠ. ಪುಸ್ತಕ ಮುಟ್ಟಲು ಬಿಡುತ್ತಿರಲಿಲ್ಲ. ಸರಾಸರಿ ಎಂದರೇನು ಎಂದು ಕೇಳಿ, ನಾನು ಪುಸ್ತಕದ ಉತ್ತರ ಒಪ್ಪಿಸಿದಾಗ ಕೈ ಅಡ್ಡ ಮಾಡಿದರು. "ಟ್ರೇನು ಸರಾಸರಿ ಇಷ್ಟು ಲೇಟು ಅಂತ ಪೇಪರಲ್ಲಿ ಹಾಕ್ತಾರೆ. ಪ್ಲಾಟ್‌ಫಾರ್ಮಲ್ಲಿ ನಿಂತೋಳು ಸರಾಸರಿಗೆ ಕಾಯಲ್ಲ ಕಣಮ್ಮ, ಇವತ್ತಿನ ಟ್ರೇನಿಗೆ ಕಾಯ್ತಾಳೆ. ಇವತ್ತಿಂದು ಆ ಸರಾಸರಿಯಿಂದ ಎಷ್ಟು ದೂರ ಹೋಗಬಹುದು, ಅದನ್ನ ಹೇಳು." ಅಷ್ಟು ವರ್ಷ ನನ್ನ ತಲೆಗೆ ಹತ್ತದೇ ಇದ್ದ ವಿಚಲನೆ ಆ ಮಧ್ಯಾಹ್ನ ಹತ್ತಿತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದಿತ್ತು ನನಗೆ.

ಅವರ ಹೆಂಡತಿ, ಅಂದರೆ ಆಂಟಿ, ಹಾಲ್‌ನ ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಎಲ್ಲವನ್ನೂ ಕೇಳುತ್ತಿದ್ದರು. ಡೊಂಬಿವಲಿಯ ಅವರೆಗೆ ಸೊಗಡೇ ಇಲ್ಲ ಎಂದು ಪ್ರತಿ ಸಲವೂ ಬೈದುಕೊಂಡೇ ತರುತ್ತಿದ್ದರು. ಮೇಷ್ಟ್ರು ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. "ಇವಳೇ, ಕಾಫಿ", "ಇವಳೇ, ಕನ್ನಡಕ ಎಲ್ಲಿ." ಆಂಟಿಯೂ ಅಷ್ಟೇ, "ನಮ್ಮವರು" ಎನ್ನುವರು. ಹಳೆಯ ಕಾಲದ ರೂಢಿ, ಅವರಿಗೆ ಅದರಲ್ಲಿ ಕೊರತೆ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ.

ಪರೀಕ್ಷೆಯನ್ನು ಕನ್ನಡಕ್ಕೆ ತಂದದ್ದು ನಾನೂ ಮೇಷ್ಟ್ರೂ ಸೇರಿ. ವಾರ, ತಿಂಗಳು ಕೇಳುವುದು, ಚಿತ್ರ ನೋಡಿ ಬರೆಸುವುದು ತಕರಾರಿಲ್ಲದೆ ಮುಗಿಯಿತು, ಉಳಿದದ್ದು ಪದಗಳು. ಮೂರು ಪದ ಹೇಳಬೇಕು, ಸ್ವಲ್ಪ ಹೊತ್ತು ಬೇರೆ ಕೆಲಸ ಕೊಟ್ಟು ಆ ಮೂರನ್ನೂ ಮತ್ತೆ ಕೇಳಬೇಕು. ಯಾವ ಮೂರು? ನಾನು 'ಕೊಡೆ' ಅಂದೆ. ಮೈಸೂರಿನವರಿಗೆ ಅದು ಛತ್ರಿ, ಬೇಡ ಅಂದರು. ಧಾರವಾಡದವರಿಗೂ, ಕರಾವಳಿಯವರಿಗೂ, ಮೈಸೂರಿನವರಿಗೂ ಒಂದೇ ಆಗಿರುವ ಪದ ಬೇಕು ಎಂದು ಅರ್ಧ ದಿನ ಜಗಳವಾಡಿ ಅವರೇ ಮೂರನ್ನು ಆರಿಸಿದರು. ಚಾಪೆ, ನಿಂಬೆಹಣ್ಣು, ಬಾಗಿಲು. ಆಮೇಲೆ ಒಂದು ಗೆರೆ ಹಾಕಿಸಿದರು. ಇಷ್ಟಕ್ಕಿಂತ ಕಡಿಮೆ ಅಂಕ ಬಂದವರು ಆರೋಗ್ಯವಂತರಲ್ಲ, ಅವರನ್ನು ಅಧ್ಯಯನಕ್ಕೆ ಸೇರಿಸಬಾರದು. ಯಾರನ್ನೂ ಕೇಳುವ ಮೊದಲೇ ಗೆರೆ ಹಾಕಬೇಕು, ಮುಖ ನೋಡಿ ಮಣೆ ಹಾಕಬಾರದು ಎಂದರು. ನಿಯಮ ಮೊದಲು, ಅಂಕಿ ಆಮೇಲೆ.

ಆ ತಿಂಗಳಲ್ಲಿ ಅವರು ವಿಚಲನೆಯ ಪಾಠವನ್ನು ಮತ್ತೆ ಮಾಡಿದರು. ಮುಂದಿನ ವಾರ ಇನ್ನೊಮ್ಮೆ. ಅದೇ ಟ್ರೇನು, ಅದೇ ಪ್ಲಾಟ್‌ಫಾರ್ಮು. ನನಗೆ ಅವಮಾನವಾಯಿತು. ಇವಳು ಮಂದ, ಮೂರು ಸಲ ಹೇಳದಿದ್ದರೆ ತಲೆಗೆ ಹೋಗುವುದಿಲ್ಲ ಎಂದುಕೊಂಡಿದ್ದಾರೆ ಎಂದು ಮುಖ ಊದಿಸಿಕೊಂಡು ಕೂತೆ. ಅಮ್ಮನ ಹತ್ತಿರ ಬೈದುಕೊಂಡೂ ಬಂದೆ.

ಪರೀಕ್ಷೆಯನ್ನು ಹೊರಗೆ ಒಯ್ಯುವ ಮೊದಲು ಯಾರ ಮೇಲಾದರೂ ಒಮ್ಮೆ ಕೊಟ್ಟು ನೋಡಬೇಕಿತ್ತು. ಮೇಷ್ಟ್ರು, ನನ್ನ ಮೇಲೇ ಮಾಡು, ಪದಗಳು ನನಗೆ ಗೊತ್ತು, ಹೇಗೂ ಪೂರ್ತಿ ಅಂಕ ಬರುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದಷ್ಟೇ ನೋಡಿಕೋ ಎಂದರು. ಆಂಟಿ ಅವರೆಕಾಯಿಯ ಮೊರ ಇಟ್ಟುಕೊಂಡು ಕೂತರು. ನಾನು ಆ ಮೂರು ಪದ ಹೇಳಿದೆ, ಅವರು ಗಿಳಿಯ ಹಾಗೆ ತಿರುಗಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದೆ. ನೀರು ಕುಡಿದಷ್ಟು ಸುಲಭವಾಗಿ ಕಳೆದರು, ನಿಲ್ಲಿ ಅಂದರೂ ಒಂದೆರಡು ಹೆಚ್ಚಿಗೆ ಕಳೆದು ಆಂಟಿಯ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಈಗ ಮೊದಲು ಹೇಳಿದ ಮೂರು ಪದ ಹೇಳಿ ಅಂಕಲ್, ಅಂದೆ.

"ಚಾಪೆ," ಅಂದರು. ಆಮೇಲೆ ಸುಮ್ಮನಾದರು.

ನಾನು ಕಾದೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರ ಕಣ್ಣು ಗೋಡೆಯ ಮೇಲೆ, ಫ್ಯಾನಿನ ಮೇಲೆ ಓಡಾಡಿತು. ಆಂಟಿ ಗಲ್ಲದಿಂದ ಮುಂಬಾಗಿಲ ಕಡೆ ತೋರಿಸಿದರು. ಮೇಷ್ಟ್ರಿಗೆ ಅದು ಕಂಡಿತು. "ಸುಮ್ನಿರು. ಕಾಪಿ ಹೊಡೆಸ್ತೀಯಾ?" ಎಂದು ಗದರಿದರು. ಉಳಿದ ಎರಡು ಪದ ಬರಲೇ ಇಲ್ಲ. ತಿಂಗಳು ಕೇಳಿದರೆ ಕಳೆದುಹೋದ ಹಬ್ಬದ ತಿಂಗಳು ಹೇಳಿದರು. ಚಿತ್ರ ನೋಡಿ ಬರೆಯಿರಿ ಅಂದರೆ ಮೂಲೆಗಳು ಕೂಡಲಿಲ್ಲ. ಅವರು ಹಾಳೆಯನ್ನು ನನ್ನಿಂದ ಎಳೆದುಕೊಂಡು ತಾವೇ ಅಂಕ ಕೂಡಿದರು, ಎರಡು ಸಲ ಕೂಡಿ ನೋಡಿದರು.

"ಗೆರೆಗಿಂತ ಕೆಳಗಿದೆ," ಅಂದರು. ಬೇರೆ ಯಾರದೋ ಅಂಕ ಓದಿದ ಹಾಗೆ. ಆಂಟಿಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಒಂದೇ ಪಾಠ ಮೂರು ಸಲ ಯಾಕೆ ಆಯಿತು ಎಂದು ನನಗೆ ಆಗ ತಿಳಿಯಿತು.

ಠಾಣೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಮರೆವಿನ ಕಾಯಿಲೆ ಶುರುವಾಗಿದೆ, ಮಾತ್ರೆ ತಡೆಯಬಹುದು, ವಾಪಸು ತರಲಾರದು ಎಂದರು. ಎಷ್ಟು ಬೇಗ ಇಳಿಯುತ್ತದೆ ಎಂದು ಮೇಷ್ಟ್ರು ಕೇಳಿದ್ದಕ್ಕೆ ಡಾಕ್ಟರು, ಒಬ್ಬೊಬ್ಬರದು ಒಂದೊಂದು ರೀತಿ ಎಂದು ಕೈ ಚೆಲ್ಲಿದರಂತೆ. ಜೀವಮಾನವೆಲ್ಲ ಇನ್ನೊಬ್ಬರ ಆಯುಸ್ಸಿನ ಲೆಕ್ಕ ಹಾಕಿದ ಮನುಷ್ಯನಿಗೆ ಆ ಉತ್ತರ ಎಲ್ಲಿ ಸಾಕಾದೀತು. ಮುಂದಿನ ಪಾಠದ ದಿನ ಗ್ರಾಫ್ ಹಾಳೆ ತಂದಿಟ್ಟುಕೊಂಡು ಕೂತಿದ್ದರು. ಆಂಟಿ ತರಕಾರಿಗೆ ಹೋಗಿದ್ದರು. ಹಾಳೆಯ ಮೇಲೆ ತಮ್ಮ ಅಂಕವನ್ನು ಒಂದು ಚುಕ್ಕಿಯಾಗಿ ಇಟ್ಟು ನನ್ನ ಕೈಗೆ ಕೊಟ್ಟರು.

"ಒಂದು ಚುಕ್ಕೀಲಿ ಗೆರೆ ಎಳೆಯಕ್ಕಾಗಲ್ಲ, ಎರಡು ಬೇಕು. ವರ್ಷ ಬಿಟ್ಟು ಬಂದು ಇನ್ನೊಂದು ಇಡು. ಆಗ ಇಳಿಜಾರು ಗೊತ್ತಾಗುತ್ತೆ. ಇವಳು ಒಬ್ಬಳೇ ಬ್ಯಾಂಕಿಗೆ ಹೋದೋಳಲ್ಲ. ಮೈಸೂರಲ್ಲಿ ಇವಳ ತಂಗಿ ಇದ್ದಾಳೆ, ಅಲ್ಲಿಗೆ ಹೋಗಬೇಕೋ, ಇಲ್ಲೇ ಇರಬೇಕೋ, ನನಗೆ ತಲೆ ಇರುವಾಗಲೇ ಏರ್ಪಾಡು ಮಾಡಬೇಕು. ಎಷ್ಟೇ ಕೆಟ್ಟದಿದ್ರೂ ನನಗೆ ಹೇಳಬೇಕು ನೀನು. ಮುಲಾಜು ಬೇಡ."

ಆಗಲಿ ಅಂದೆ. ಹಾಳೆಯನ್ನು ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಕಲ್ಯಾಣದವರೆಗೂ ಟ್ರೇನಿನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು ಅತ್ತೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಅಲ್ಲಿ ದಿನಾ ಯಾರಾದರೂ ಅಳುತ್ತಿರುತ್ತಾರೆ.

ಆ ವರ್ಷ ನಾನು ಅಂಬರನಾಥದಿಂದ ಸೀವುಡ್ಸ್‌ವರೆಗೆ ಮನೆಮನೆ ತಿರುಗಿದೆ. ನೂರಾರು ಸಲ ಚಾಪೆ, ನಿಂಬೆಹಣ್ಣು, ಬಾಗಿಲು ಎಂದು ಹೇಳಿ ನನಗೆ ಆ ಮೂರರ ಮೇಲೆ ವಾಕರಿಕೆ ಬಂದಿತ್ತು. ಪಾಠವೂ ನಡೆಯಿತು, ಆದರೆ ಮೇಷ್ಟ್ರು ಲೆಕ್ಕದ ಅರ್ಧದಲ್ಲಿ ನಿಂತುಬಿಡುತ್ತಿದ್ದರು. ಎರಡು ಸಂಗತಿಗಳ ನಡುವಿನ ಸಂಬಂಧ ಅಳೆಯುವುದನ್ನು ಶುರು ಮಾಡಿದವರು ಅದನ್ನು ಮುಗಿಸಲೇ ಇಲ್ಲ. ಉಳಿದದ್ದನ್ನು ನಾನು ಪುಸ್ತಕ ಹಿಡಿದು ಕಲಿತೆ. ಅವರ ಎದುರು ಮಾತ್ರ ಅವರೇ ಹೇಳಿಕೊಟ್ಟ ಹಾಗೆ ತಲೆಯಾಡಿಸುತ್ತಿದ್ದೆ.

ಮಳೆಗಾಲದ ಒಂದು ಬೆಳಿಗ್ಗೆ ಆಂಟಿಯ ಫೋನು. ಇವರು ಕಾಣುತ್ತಿಲ್ಲ, ಬಿಳಿ ಶರ್ಟು ಹಾಕಿಕೊಂಡು ಟಿಫಿನ್ ಡಬ್ಬಿ ಹಿಡಿದು ಹೋಗಿದ್ದಾರೆ ಎಂದರು. ಡೊಂಬಿವಲಿಯವರಿಗೆ ಒಂದು ಚಾಳಿಯಿದೆ. ಮುಂಬಯಿಗೆ ಹೋಗುವ ಟ್ರೇನಿನಲ್ಲಿ ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ ಎಂದು, ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಬಂದು, ಅಲ್ಲಿಂದ ಹೊರಡುವ ಗಾಡಿಯಲ್ಲೇ ಸೀಟು ಹಿಡಿದು ಕೂರುತ್ತಾರೆ. ಕಲ್ಯಾಣದ ನಾವು ಇದಕ್ಕೆ ಅವರಿಗೆ ಹಿಡಿಶಾಪ ಹಾಕುತ್ತೇವೆ. ಮೇಷ್ಟ್ರೂ ಆಫೀಸಿನ ಕಾಲದಲ್ಲಿ ಹಾಗೇ ಹೋಗುತ್ತಿದ್ದರು ಎಂದು ನೆನಪಾಗಿ ನಾನು ಸ್ಟೇಷನ್ನಿಗೆ ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಗಾಡಿಯೊಂದರಲ್ಲಿ ಕಿಟಕಿಯ ಪಕ್ಕ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಪ್ಯಾಂಟು ಒದ್ದೆಯಾಗಿತ್ತು. ಸುತ್ತಲಿನವರು ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು.

ನನ್ನನ್ನು ನೋಡಿ ಖುಷಿಪಟ್ಟು, ಇವತ್ತು ಸೀಟು ಸಿಕ್ಕಿತು ಎಂದರು. ಅವರ ಕೈ ಹಿಡಿದು ಎಬ್ಬಿಸುವಾಗ ಅಲ್ಲಿ ನಗುತ್ತಿದ್ದವನೊಬ್ಬನನ್ನು ನಾನು ಮರಾಠಿಯಲ್ಲಿ ಉಗಿದ ರೀತಿಗೆ ಇಡೀ ಬೋಗಿ ತೆಪ್ಪಗಾಯಿತು. ಮೇಷ್ಟ್ರು ಮಾತ್ರ ಸೀಟು ಬಿಟ್ಟು ಬರಲು ಒಪ್ಪದೆ, ಮನೆ ಮುಟ್ಟುವವರೆಗೂ ಸಿಡುಕುತ್ತಲೇ ಇದ್ದರು.

ವರ್ಷ ತುಂಬಿತು. ಎರಡನೆಯ ಚುಕ್ಕಿಯ ದಿನ ಬಂತು. ಬೇಡ ಎಂದು ನನ್ನ ಮನಸ್ಸು ಹೇಳುತ್ತಿತ್ತು, ಮಾತು ಕೊಟ್ಟಾಗಿತ್ತು. ಬಾಗಿಲು ತೆರೆದ ಆಂಟಿ ಇಸ್ತ್ರಿ ಸೀರೆ ಉಟ್ಟು ಹೂ ಮುಡಿದಿದ್ದರು. ಮೇಷ್ಟ್ರಿಗೆ ಸ್ನಾನವಾಗಿ, ಕ್ರಾಪು ತೆಗೆದು, ಹಣೆಗೆ ಕುಂಕುಮ ಇಟ್ಟು ಕೂರಿಸಿದ್ದರು. ಒಳಗಿನಿಂದ ಕೇಸರಿಬಾತಿನ ವಾಸನೆ. ಮೊದಲ ದಿನ ಸ್ಕೂಲಿಗೆ ಹೊರಟ ಮಗುವಿನ ಮನೆಯ ಹಾಗಿತ್ತು. ನಾನು ಕೂರುತ್ತಿದ್ದ ಹಾಗೆಯೇ, ಇನ್ನೂ ಬ್ಯಾಗು ತೆರೆದಿಲ್ಲ, ಮೇಷ್ಟ್ರು ಕೈಕಟ್ಟಿ ನೆಟ್ಟಗೆ ಕೂತು, "ಚಾಪೆ, ನಿಂಬೆಹಣ್ಣು, ಬಾಗಿಲು," ಅಂದರು.

ಕೇಳುವ ಮೊದಲೇ ಉತ್ತರ ಬಂದುಬಿಟ್ಟಿತ್ತು. ಆದರೂ ಪರೀಕ್ಷೆ ಮಾಡಿದೆ. ವಾರ, ತಿಂಗಳು, ವರ್ಷ, ಎಲ್ಲ ಸರಿ. ನೂರರಿಂದ ಏಳು ಕಳೆಯಿರಿ ಅಂದರೆ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮಗ್ಗಿಯ ರಾಗದಲ್ಲಿ ಒಂದೂ ತಪ್ಪದೆ ಹೇಳಿದರು. ಪರೀಕ್ಷೆಯಲ್ಲಿ ಇಲ್ಲದಿದ್ದರೂ ಒಂದು ಪ್ರಶ್ನೆ ಸೇರಿಸಿದೆ. ಹತ್ತರಿಂದ ಏಳು ಕಳೆದರೆ ಎಷ್ಟು ಅಂಕಲ್? ಅವರು ಆಂಟಿಯ ಮುಖ ನೋಡಿದರು. "ತೊಂಬತ್ತಮೂರು," ಅಂದರು.

ಅಂಕ ಕೂಡಿದೆ. ಗೆರೆಗಿಂತ ಮೇಲೆ. ಗ್ರಾಫ್ ಹಾಳೆ ತೆಗೆದು ಎರಡನೆಯ ಚುಕ್ಕಿ ಇಟ್ಟು, ಎರಡನ್ನೂ ಸೇರಿಸಿ ಗೆರೆ ಎಳೆದೆ. ಗೆರೆ ಮೇಲಕ್ಕೆ ಹೋಯಿತು. ಅದನ್ನು ಅವರ ಕೈಗೆ ಕೊಟ್ಟೆ, ಎಷ್ಟೇ ಆಗಲಿ ಕೇಳಿದವರು ಅವರು. ಹಾಳೆಯನ್ನು ಬೆರಳಿನಿಂದ ಸವರಿದರು, ಚೆನ್ನಾಗಿದೆ ಅಂದರು. ಆಮೇಲೆ ನನ್ನನ್ನು ನೋಡಿ ತುಂಬ ಮರ್ಯಾದೆಯಿಂದ ಕೇಳಿದರು. "ತಾವು ಯಾರ ಮನೆಯವರಮ್ಮ?"

ಆಂಟಿ ಅಡುಗೆಮನೆಗೆ ಎದ್ದು ಹೋದರು. ನಾನೂ ಹಿಂದೆಯೇ ಹೋದೆ. ಕೋಪ ನೆತ್ತಿಗೇರಿತ್ತು. ಇದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲ, ಬಾಯಿಪಾಠ ಮಾಡಿಸಿ ಪಾಸು ಮಾಡಿಸುವುದಕ್ಕೆ, ಅವರು ನಿಮಗೋಸ್ಕರ ಕೇಳಿದ್ದು, ನಿಮ್ಮ ಮುಂದಿನ ಏರ್ಪಾಡಿಗೆ, ಈಗ ಇದರಲ್ಲಿ ಏನೂ ಗೊತ್ತಾಗುವ ಹಾಗಿಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿಬಿಟ್ಟೆ. ಆಂಟಿ ಕೇಸರಿಬಾತನ್ನು ತಟ್ಟೆಗೆ ಹಾಕುತ್ತ ಪೂರ್ತಿ ಕೇಳಿದರು.

"ನಂಗೇನು ಗೊತ್ತಿಲ್ವೇನೇ? ನೀನು ಗೆರೆ ಎಳೆದು ತೋರಿಸಬೇಕಾ? ಕಾಫಿ ಕೊಟ್ರೆ, ಯಾರು ನೀವು ಅಂತಾರೆ ನನ್ನನ್ನ. ಹೋದ ಸಲ ಫೇಲಾದ ದಿನದಿಂದ ಆ ಮನುಷ್ಯ ತಲೆ ಎತ್ತಿ ಕೂತಿರಲಿಲ್ಲ. ಒಂದು ದಿನ ಪಾಸಾಗ್ಲಿ ಅಂತ ಓದಿಸ್ದೆ. ಬೆಳಿಗ್ಗೆ ಸ್ನಾನ ಆದ್ಮೇಲೆ, ಸಾಯಂಕಾಲ ದೀಪ ಹಚ್ಚಿದ್ಮೇಲೆ. ವರ್ಷ ಪೂರ್ತಿ."

ನಾನು ತಟ್ಟೆ ತೆಗೆದುಕೊಂಡು ಹೋಗಿ ಮೇಷ್ಟ್ರ ಎದುರು ಕೂತು ತಿಂದೆ. ಪಾಸಾದಿರಿ ಅಂಕಲ್, ಅಂದೆ. ಅವರು ಆಂಟಿಯ ಕಡೆ ತಿರುಗಿ ನಕ್ಕರು. ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ನನ್ನ ಥೀಸಿಸ್ಸು ಮುಗಿಯಿತು. ಎರಡು ಗುಂಪಿಗೂ ವ್ಯತ್ಯಾಸವೇ ಸಿಗಲಿಲ್ಲ. ನಾಲ್ಕು ಭಾಷೆ ಆಡಿದವರೂ ಒಂದೇ ಭಾಷೆಯವರಷ್ಟೇ ಇಳಿದಿದ್ದರು. ಗೈಡ್ ಮೇಡಂ ಮುಖ ಹುಳ್ಳಗೆ ಮಾಡಿಕೊಂಡರು. ಅಂಗಡಿಯವನಾಗಿದ್ದರೆ ಏನಾದರೂ ಒಂದು ಹೊರಡಿಸುತ್ತಿದ್ದ. ಏನೂ ಇಲ್ಲ ಅನ್ನುವುದೂ ಉತ್ತರವೇ ಎಂದು ಮೇಷ್ಟ್ರು ಹಿಂದೆ ಪಾಠದಲ್ಲಿ ಹೇಳಿದ್ದನ್ನು ಹಿಡಿದು ನಾನು ಹಟ ಮಾಡಿದೆ, ಪದವಿ ಸಿಕ್ಕಿತು. ಆ ಪುಸ್ತಕದ ಯಾವ ಪುಟದಲ್ಲೂ ಮೇಷ್ಟ್ರ ಅಂಕ ಇಲ್ಲ. ಗೆರೆಗಿಂತ ಕೆಳಗೆ ಬಂದವರನ್ನು ಸೇರಿಸಬಾರದು ಎಂದು ಅವರೇ ಹಾಕಿದ ನಿಯಮ.

ಕೊನೆಯ ಸಲ ನೋಡಿದ್ದು ಡೊಂಬಿವಲಿಯ ಒಂದು ನರ್ಸಿಂಗ್ ಹೋಮಿನಲ್ಲಿ. ಎದೆಯಲ್ಲಿ ಕಫ ಕಟ್ಟಿ ಸೇರಿಸಿದ್ದರು. ಆ ಹೊತ್ತಿಗೆ ಅವರಿಗೆ ಮಾತು ಹೆಚ್ಚುಕಡಿಮೆ ಹೋಗಿತ್ತು. ಮೈಸೂರಿನ ತಂಗಿ ಬಂದು ಹೋಗಿದ್ದರು, ಆಂಟಿ ಒಬ್ಬರೇ ಸ್ಟೂಲಿನ ಮೇಲೆ ಕೂತಿದ್ದರು. ರೌಂಡಿಗೆ ಬಂದ ಡಾಕ್ಟರು ಬಗ್ಗಿ, ಬಾಬಾ, ನಿಮ್ಮ ಹೆಸರೇನು ಎಂದು ಕೇಳಿದರು. ಮೇಷ್ಟ್ರು ತುಟಿ ಅಲ್ಲಾಡಿಸಿ, ಉಸಿರೆಳೆದುಕೊಂಡು, "ಚಾಪೆ, ನಿಂಬೆಹಣ್ಣು, ಬಾಗಿಲು," ಅಂದರು. ಡಾಕ್ಟರಿಗೆ ಕನ್ನಡ ಬಾರದು. ಆಂಟಿಯ ಕಡೆ ಬೆರಳು ಮಾಡಿ, ಇವರು ಯಾರು ಎಂದು ಕೇಳಿದರು. ಮತ್ತೆ ಅದೇ ಮೂರು, ಅದೇ ರಾಗ. ಏನನ್ನುತ್ತಿದ್ದಾರೆ ಎಂದು ಡಾಕ್ಟರು ನಮ್ಮನ್ನು ಕೇಳಿದರು. ಏನೋ ಹಳೆಯ ಪಾಠ ಎಂದು ನಾನು ಮರಾಠಿಯಲ್ಲಿ ಹೇಳಿದೆ.

ಡಾಕ್ಟರು ಮುಂದಿನ ಹಾಸಿಗೆಗೆ ಹೋದ ಮೇಲೆ ಆಂಟಿ ಸೆರಗಿನಿಂದ ಮೇಷ್ಟ್ರ ಬಾಯಿ ಒರೆಸಿದರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ.

"ಮದುವೆಯಾದಾಗಿಂದ ನನ್ನ ಹೆಸರು ಅವರ ಬಾಯಲ್ಲಿ ಕೇಳಿದೋಳಲ್ಲ ನಾನು," ಅಂದರು. "ಅಷ್ಟು ಬಾಯಿಪಾಠ ಮಾಡಿಸ್ದೆ ನೋಡು. ಆ ಮೂರರ ಜೊತೆ ನನ್ನ ಹೆಸರೂ ಒಂದು ಸೇರಿಸಿದ್ದಿದ್ರೆ, ಈಗ ಬಂದಿರೋದು."